ಮೊದಲು ಅಳತೆ, ಆಮೇಲೆ ಅಗಲದ ಟೈರ್

ಟೈರ್ ಕೂರಲಿಲ್ಲವೆಂದು ಕಾರಿನ ಮೈಯನ್ನೇ ಕೊಯ್ಯುವ ಗ್ಯಾರೇಜಿಗೆ ದಯವಿಟ್ಟು ಕೀಲಿ ಕೊಡಬೇಡಿ. ಇದನ್ನು ಹೇಳದೆ ಇವತ್ತು ನನಗೆ ನಿದ್ದೆ ಬರುವುದಿಲ್ಲ. ಬರಹ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಇಲ್ಲಿ ಅಮೆರಿಕದ ಮಿಶಿಗನ್‌ನ ಟ್ರಾಯ್ ಊರಿನಲ್ಲಿರುವ ನಮ್ಮ ಶಿವಮೊಗ್ಗದ ಹುಡುಗನ ಬಗ್ಗೆ ನಿಮಗೆ ಗೊತ್ತೇ ಇದೆ. ವರ್ಷಗಟ್ಟಲೆ ಹಣ ಕೂಡಿಟ್ಟು 1968ರ ಶೆವ್ರೊಲೆ ಕಮಾರೊ ಎಂಬ ಹಳೆಯ ಅಮೆರಿಕನ್ ಕಾರು ಕೊಂಡವನು. ನಿನ್ನೆ ಸಂಜೆ ಫೋನ್ ಮಾಡಿ, "ಅಣ್ಣಾ, ಕಾರು ಗ್ಯಾರೇಜಿನಿಂದ ಬಂದಿದೆ, ಬಂದು ನೋಡಿ" ಎಂದ. ಹೋದೆ. ಕಡುನೀಲಿ ಬಣ್ಣ, ಹಿಂದುಗಡೆ 275/60 ಆರ್ 15 ಟೈರುಗಳು (ಅಗಲ 275 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60, ಒಳಗಿನ ರಿಮ್ 15 ಇಂಚು). ದೂರದಿಂದ ನೋಡಲು ಕಣ್ತುಂಬುವಂತಿತ್ತು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಬಲಗಡೆ ಹಿಂಚಕ್ರದ ಮೇಲಿನ ಕಮಾನಿನ ಒಳಗೆ ಬೆರಳಾಡಿಸಿದೆ. ಅಲ್ಲಿ ಅಂಚೇ ಇರಲಿಲ್ಲ. ಒಳಕ್ಕೆ ಮಡಿಚಿಕೊಂಡಿರಬೇಕಾದ ತಗಡನ್ನು ಗ್ರೈಂಡರಿನಿಂದ ಕೊಯ್ದು, ಗಾಯ ಕಾಣದಂತೆ ಕಪ್ಪು ಬಣ್ಣ ಸಿಂಪಡಿಸಿದ್ದರು. ಎರಡು ತಗಡುಗಳ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು.

ಆ ಅಂಚು ಅಲಂಕಾರಕ್ಕೆ ಇರುವುದಲ್ಲ. ಕ್ವಾರ್ಟರ್ ಪ್ಯಾನೆಲ್ ಎನ್ನುವ ಹಿಂಚಕ್ರದ ಮೇಲಿನ ಹೊರಮೈ ಮತ್ತು ಒಳಗಿನ ಚಕ್ರದ ಗೂಡು, ಈ ಎರಡು ತಗಡುಗಳನ್ನು ಸ್ಪಾಟ್ ವೆಲ್ಡಿಂಗ್ ಮಾಡಿ ಬೆಸೆದಿರುವುದು ಅಲ್ಲಿಯೇ. ಅಂಚು ಹೋದರೆ ಬೆಸುಗೆಯೂ ಹೋಯಿತು. ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ವಸಂತದ ಮಳೆಯಲ್ಲಿ ಆ ಉಪ್ಪುನೀರು ಈ ಸಂದಿನೊಳಗೆ ಸೇರಿಕೊಂಡರೆ ತುಕ್ಕು ಒಳಗಿನಿಂದಲೇ ತಿನ್ನಲು ಶುರುಮಾಡುತ್ತದೆ. ಬಣ್ಣದ ಮೇಲೆ ಗುಳ್ಳೆ ಎದ್ದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ತಗಡು ಜರಡಿಯಾಗಿರುತ್ತದೆ.

"ಯಾಕೆ ಕೊಯ್ದರು?" ಎಂದು ಕೇಳಿದೆ. "ಬಲಗಡೆ ಟೈರ್ ಉಜ್ಜುತ್ತಿತ್ತಂತೆ ಅಣ್ಣಾ, ಎಡಗಡೆ ಸರಿಯಾಗಿತ್ತಂತೆ" ಎಂದ.

ನನಗೆ ಮೈಯೆಲ್ಲ ಉರಿದದ್ದು ಆ ಮಾತಿಗೆ. ಎರಡೂ ಕಡೆ ಒಂದೇ ಅಳತೆಯ ರಿಮ್, ಒಂದೇ ಟೈರ್. ಒಂದು ಕಡೆ ಮಾತ್ರ ಉಜ್ಜುತ್ತದೆ ಎಂದರೆ ಕಾರು ಏನನ್ನೋ ಹೇಳುತ್ತಿದೆ ಎಂದು ಅಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಆ ಕಾಲದ ಕಾರುಗಳಲ್ಲಿ ಹಿಂದಿನ ಆಕ್ಸಲ್ ಮೈಯ ನಟ್ಟನಡುವೆ ಕೂತಿರುವುದೇ ಅಪರೂಪ. ಕಾಲು ಇಂಚು ಅತ್ತಿತ್ತ ಇರುವುದು ಸಾಮಾನ್ಯ. ಆದ್ದರಿಂದಲೇ ತಿಳಿದವರು ಎರಡೂ ಕಡೆ ಬೇರೆಬೇರೆಯಾಗಿ ಅಳೆಯುತ್ತಾರೆ, ಇಕ್ಕಟ್ಟಾದ ಕಡೆಗೆ ಹೊಂದುವ ರಿಮ್ ತರಿಸುತ್ತಾರೆ. ಇಲ್ಲಿ ಯಾರೂ ಅಳೆಯಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದರು.

ಚಕ್ರ ಬಿಚ್ಚಿಸಿ ನೋಡಿದೆ. ಎಂಟು ಇಂಚು ಅಗಲದ ರಿಮ್, ಬ್ಯಾಕ್‌ಸ್ಪೇಸಿಂಗ್ ಮೂರೂಮುಕ್ಕಾಲು ಇಂಚು. ಬ್ಯಾಕ್‌ಸ್ಪೇಸಿಂಗ್ ಎಂದರೆ ರಿಮ್ ಬ್ರೇಕ್ ಡ್ರಮ್ಮಿಗೆ ಒರಗಿ ಕೂರುವ ಮುಖದಿಂದ ಅದರ ಒಳ ಅಂಚಿನವರೆಗಿನ ದೂರ. ಇದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ. ಎಂಟು ಇಂಚು ಎನ್ನುವುದು ಟೈರ್ ಕೂರುವ ಜಾಗದ ಅಗಲ ಮಾತ್ರ. ತುದಿಯಿಂದ ತುದಿಗೆ ಅಳೆದರೆ ಅದೇ ರಿಮ್ ಸುಮಾರು ಒಂಬತ್ತು ಇಂಚು ಇರುತ್ತದೆ. ನಾಲ್ಕೂವರೆ ಇಂಚು ಬ್ಯಾಕ್‌ಸ್ಪೇಸಿಂಗ್ ಇರುವ ರಿಮ್ ತಂದಿದ್ದರೆ ಚಕ್ರ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್, ಒಳಕ್ಕೆ ಹೋಗುತ್ತಿತ್ತು. 275ರ ಬದಲು 255 ಟೈರ್ ಹಾಕಿದ್ದರೆ ಇನ್ನೂ ಸ್ವಲ್ಪ ಜಾಗ ಸಿಗುತ್ತಿತ್ತು. ಎರಡೂ ಸೇರಿ ಹೊರಗಡೆ ಹೆಚ್ಚುಕಡಿಮೆ ಒಂದು ಇಂಚು. ಆ ಒಂದು ಇಂಚನ್ನು ರಿಮ್ಮಿನಲ್ಲಿ ಹುಡುಕುವ ಬದಲು ಅವರು ಕಾರಿನ ಮೈಯಲ್ಲಿ ಹುಡುಕಿದರು.

ಅಳೆಯುವುದು ಮಹಾ ವಿದ್ಯೆಯೇನೂ ಅಲ್ಲ. ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡ್ ಕೊಡಬೇಕು, ಮೈಯ ಕೆಳಗೆ ಕೊಡಬಾರದು. ಆಗ ಸ್ಪ್ರಿಂಗಿನ ಮೇಲೆ ಕಾರಿನ ಭಾರ ಇರುತ್ತದೆ, ರಸ್ತೆಯ ಮೇಲೆ ನಿಂತ ಹಾಗೆಯೇ ಎಲ್ಲವೂ ತನ್ನ ಜಾಗದಲ್ಲಿ ಕೂರುತ್ತದೆ. ಚಕ್ರ ಬಿಚ್ಚಿ, ಡ್ರಮ್ಮಿನ ಮುಖಕ್ಕೆ ನೇರವಾದ ಪಟ್ಟಿಯೊಂದನ್ನು ಹಿಡಿದು, ಅಲ್ಲಿಂದ ಒಳಗೆ ಲೀಫ್ ಸ್ಪ್ರಿಂಗಿನವರೆಗೆ ಎಷ್ಟು, ಹೊರಗೆ ಕಮಾನಿನ ಅಂಚಿನವರೆಗೆ ಎಷ್ಟು ಎಂದು ಬರೆದುಕೊಳ್ಳಬೇಕು. ಟೈರಿನ ಎರಡೂ ಪಕ್ಕ ಅರ್ಧ ಇಂಚಾದರೂ ಖಾಲಿ ಉಳಿಯಬೇಕು, ಏಕೆಂದರೆ ಕಾರು ತಿರುವಿನಲ್ಲಿ ವಾಲಿದಾಗ, ಒಂದು ಚಕ್ರ ಉಬ್ಬು ಹತ್ತಿದಾಗ ಆಕ್ಸಲ್ ಓರೆಯಾಗುತ್ತದೆ. ಅರ್ಧ ಗಂಟೆಯ ಕೆಲಸ. ಹಾಗೂ ಕೂದಲೆಳೆಯಷ್ಟು ಜಾಗ ಸಾಲದಿದ್ದರೆ, ಬಣ್ಣವನ್ನು ಬಿಸಿ ಮಾಡಿ, ರೋಲರ್ ಹಚ್ಚಿ, ಅಂಚನ್ನು ನಿಧಾನವಾಗಿ ಮೇಲಕ್ಕೆ ಮಡಿಚುವ ಉಪಾಯವಿದೆ. ಬೆಸುಗೆ ಹಾಗೆಯೇ ಉಳಿಯುತ್ತದೆ.

ಇಷ್ಟು ಹೇಳಿದ ಕೂಡಲೇ ಕೆಲವರು ಬರುತ್ತಾರೆ: ಅಷ್ಟು ಶಕ್ತಿಯ ಎಂಜಿನ್ನಿಗೆ ಅಗಲದ ಟೈರ್ ಬೇಡವೇ? ಬೇಕು, ಖಂಡಿತ ಬೇಕು. ಶೆವ್ರೊಲೆಯದೇ ಆದ 1970ರ ಶೆವೆಲ್ ಎಸ್‌ಎಸ್ ಕಾರಿನ ಎಲ್‌ಎಸ್6 ಎಂಬ ಎಂಜಿನ್ನಿಗೆ ಕಂಪನಿ ಹೇಳಿದ್ದು 450 ಅಶ್ವಶಕ್ತಿ, ಕೊಟ್ಟ ಟೈರ್ ಎಫ್70-14. ಅಂದರೆ ಇವತ್ತಿನ ಲೆಕ್ಕದಲ್ಲಿ ಸುಮಾರು 215 ಮಿಲಿಮೀಟರ್ ಅಗಲ. 1968ರ ಕಮಾರೊದ ಝಡ್/28 ಎಂಬ ವೇಗದ ಮಾದರಿಗೂ ಬಂದದ್ದು ಆರು ಇಂಚಿನ ರಿಮ್. ಆಕ್ಸಿಲರೇಟರ್ ಒತ್ತಿದರೆ ಚಕ್ರ ಗಿರಗಿರನೆ ಸುತ್ತಿ ಹೊಗೆ ಏಳುತ್ತಿತ್ತೇ ಹೊರತು ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ. ಅಗಲ ಮಾಡಬೇಡಿ ಎಂದು ನಾನೆಲ್ಲಿ ಹೇಳಿದೆ? ಅಳೆದು ಮಾಡಿ ಎನ್ನುತ್ತಿದ್ದೇನೆ. ಇನ್ನೂ ಅಗಲ ಬೇಕೇ? ಚಕ್ರದ ಗೂಡನ್ನೇ ಒಳಕ್ಕೆ ಸರಿಸಿ, ಲೀಫ್ ಸ್ಪ್ರಿಂಗನ್ನೂ ಒಳಗೆ ತಂದು ಕೂರಿಸುವ ಮಿನಿ ಟಬ್ ಎಂಬ ಕೆಲಸವಿದೆ. ಅಲ್ಲಿಯೂ ತಗಡು ಕತ್ತರಿಸುತ್ತಾರೆ. ಆದರೆ ಲೆಕ್ಕ ಹಾಕಿ ಕತ್ತರಿಸುತ್ತಾರೆ, ವೆಲ್ಡ್ ಮಾಡಿ ಮುಚ್ಚುತ್ತಾರೆ, ಸೀಲರ್ ಬಳಿಯುತ್ತಾರೆ. ಆ ಕೆಲಸಗಾರರಿಗೆ ನನ್ನ ನಮಸ್ಕಾರ.

ಎತ್ತರದ ಲೆಕ್ಕವನ್ನೂ ಯಾರೂ ಆ ಹುಡುಗನಿಗೆ ಹೇಳಿರಲಿಲ್ಲ. ಮೊದಲಿದ್ದ 235/60 ಟೈರಿನ ಎತ್ತರ 26 ಇಂಚು, ಈಗಿನದು 28. ಎತ್ತರದ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಹಾಗಾಗಿ ವೇಗದ ಮುಳ್ಳು 60 ಮೈಲಿ ತೋರಿಸುವಾಗ ಕಾರು 64ರಲ್ಲಿ ಓಡುತ್ತಿರುತ್ತದೆ. ಅವನ ಹಿಂದಿನ ಆಕ್ಸಲ್ಲಿನ 3.73 ಗೇರ್ ಅನುಪಾತ 3.48ರಂತೆ ವರ್ತಿಸುತ್ತದೆ; ಈ ಅಂಕಿ ಇಳಿದಷ್ಟೂ ಎಳೆತ ಇಳಿಯುತ್ತದೆ. ಎಳೆತ ಹೆಚ್ಚಲಿ ಎಂದು ದುಡ್ಡು ಸುರಿದವನಿಗೆ ಎಳೆತವೇ ಕಡಿಮೆಯಾಯಿತು.

ಹೊಸ ಕ್ವಾರ್ಟರ್ ಪ್ಯಾನೆಲ್ ಮಾರುಕಟ್ಟೆಯಲ್ಲಿ ಸಿಗುತ್ತದಲ್ಲ ಎನ್ನುವವರೂ ಇದ್ದಾರೆ. ಸಿಗುತ್ತದೆ. ಆದರೆ 1968ರ ಮಾದರಿಯಾಗಿ ಕಟ್ಟಿದ ಎರಡು ಲಕ್ಷದ ಮೂವತ್ತೈದು ಸಾವಿರ ಕಮಾರೊಗಳಲ್ಲಿ ಹುಟ್ಟಿದ ತಗಡಿನಲ್ಲೇ ಇಂದಿಗೂ ಓಡುತ್ತಿರುವ ಕಾರು ಮತ್ತೆ ಹುಟ್ಟುವುದಿಲ್ಲ. ಈ ಕಾರು ಬಂದ ಓಹಿಯೋದ ನಾರ್ವುಡ್ ಕಾರ್ಖಾನೆ 1987ರಲ್ಲೇ ಮುಚ್ಚಿಹೋಯಿತು.

ಯಾರಿಗೂ ಹೇಳಿರದ ಒಂದು ಮಾತು ಹೇಳುತ್ತೇನೆ. ನಾನು ಡೆಟ್ರಾಯಿಟ್‌ಗೆ ಬಂದದ್ದು ಕೆಲಸಕ್ಕಾಗಿ ಎಂದು ಮನೆಯಲ್ಲೂ ನಂಬಿದ್ದಾರೆ. ಕೆಲಸ ಬೆಂಗಳೂರಿನಲ್ಲೂ ಇತ್ತು. ನಾನು ಬಂದದ್ದು ಈ ಕಾರುಗಳ ಸದ್ದು ಕೇಳುವ ಊರಿನಲ್ಲಿ ಬದುಕಬೇಕು ಎಂಬ ಆಸೆಗೆ. ಆದ್ದರಿಂದ ಈ ವಿಷಯ ಬಂದರೆ ನನ್ನ ದನಿ ಏರುತ್ತದೆ, ನಿನ್ನೆಯೂ ಏರಿತು. ಹುಡುಗನ ಮೇಲೆ ನನಗೆ ಕೋಪವಿಲ್ಲ. ಆಗಸ್ಟ್ ಮೂರನೆಯ ಶನಿವಾರದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕಾರು ತಯಾರಾಗಬೇಕೆಂದು ಅವನು ಅವಸರಪಟ್ಟದ್ದು ನಿಜ. ಅದು 1995ರಿಂದ ನಡೆಯುತ್ತಿರುವ ಹಳೆಯ ಕಾರುಗಳ ಮೆರವಣಿಗೆ, ಮುಂದಿನ ವರ್ಷವೂ ಬರುತ್ತದೆ. ಅದನ್ನು ಅವನಿಗೆ ಹೇಳಬೇಕಿದ್ದವರು ಗ್ಯಾರೇಜಿನವರು. ಗ್ರಾಹಕ ಅವಸರಪಟ್ಟರೂ ಕುಶಲಕರ್ಮಿ ಅವಸರಪಡಬಾರದು.

ಕೊಯ್ದ ಕಡೆಗೆ ತಗಡಿನ ಪಟ್ಟಿ ಬೆಸೆಯಬಲ್ಲ ಒಳ್ಳೆಯ ವೆಲ್ಡರ್ ಒಬ್ಬರು ನನಗೆ ಪರಿಚಯ, ಭಾನುವಾರ ಕಾರನ್ನು ಅಲ್ಲಿಗೆ ಒಯ್ಯುತ್ತೇವೆ. ಈ ಸುತ್ತಿನಲ್ಲಿ ಹಳೆಯ ಕಾರಿಗೆ ಅಗಲದ ಚಕ್ರ ಹಾಕಿಸಬೇಕೆಂದಿರುವ ಕನ್ನಡಿಗರು ಯಾರಾದರೂ ಇದ್ದರೆ ರಿಮ್ ತರಿಸುವ ಮೊದಲು ನನಗೊಂದು ಸಂದೇಶ ಕಳುಹಿಸಿ. ಪಟ್ಟಿ, ಟೇಪು, ಸ್ಟ್ಯಾಂಡು ತೆಗೆದುಕೊಂಡು ನಾನೇ ಬರುತ್ತೇನೆ.