ಒಟ್ಟಾವ ವಿಶ್ವವಿದ್ಯಾಲಯಕ್ಕೆ ಫ್ರೆಂಚ್ ಕಡ್ಡಾಯವೇ? ಸ್ಪಷ್ಟನೆ

‘ಕೆನಡಾದ ಒಟ್ಟಾವ ವಿಶ್ವವಿದ್ಯಾಲಯ ದ್ವಿಭಾಷಾ ಸಂಸ್ಥೆ, ಫ್ರೆಂಚ್ ಬಾರದಿದ್ದರೆ ಸೀಟಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಹೆಚ್ಚಿನ ಪದವಿಗಳನ್ನು ಪೂರ್ತಿ ಇಂಗ್ಲಿಷ್‌ನಲ್ಲೇ ಓದಬಹುದು. ಕೆಲವಕ್ಕೆ ಮಾತ್ರ ಫ್ರೆಂಚ್ ಬೇಕೇ ಬೇಕು. ಸಿವಿಲ್ ಲಾ (ಪಕ್ಕದ ಕ್ವಿಬೆಕ್ ಪ್ರಾಂತ್ಯದ ಪದ್ಧತಿಯ ಕಾನೂನು ಪದವಿ) ಅಂಥದ್ದು. ವೈದ್ಯಕೀಯಕ್ಕೆ ಎರಡೂ ಭಾಷೆಗಳಲ್ಲಿ ಬೇರೆ ಬೇರೆ ವಿಭಾಗಗಳಿವೆ.

ಎಡವುವುದು ಕೋರ್ಸ್ ನೋಂದಣಿಯಲ್ಲಿ. ಕೋರ್ಸ್ ಸಂಕೇತದ ಅಕ್ಷರಗಳ ನಂತರ ಬರುವ ಎರಡನೇ ಅಂಕಿ ನೋಡಿ: 1ರಿಂದ 4 ಇದ್ದರೆ ಇಂಗ್ಲಿಷ್ ಪಾಠ, 5ರಿಂದ 8 ಇದ್ದರೆ ಫ್ರೆಂಚ್. ಉದಾಹರಣೆಗೆ, ಕಂಪ್ಯೂಟಿಂಗ್ ಪರಿಚಯದ ಕೋರ್ಸ್ ITI 1120 ಇಂಗ್ಲಿಷ್, ITI 1520 ಅದೇ ವಿಷಯದ ಫ್ರೆಂಚ್ ಪಾಠ. ಹೆಸರಷ್ಟೇ ನೋಡಿ ಒತ್ತಿದವರಿಗೆ ಮೊದಲ ತರಗತಿಯಲ್ಲೇ ದಿಗಿಲು! ಪಾಠ ಯಾವ ಭಾಷೆಯದ್ದಾದರೂ ಲಿಖಿತ ಕೆಲಸ, ಪರೀಕ್ಷೆಯ ಉತ್ತರಗಳನ್ನು ಎರಡರಲ್ಲಿ ನಿಮಗೆ ಬೇಕಾದ ಭಾಷೆಯಲ್ಲಿ ಬರೆಯುವ ಹಕ್ಕಿದೆ. ಭಾಷೆಯನ್ನೇ ಕಲಿಸುವ ಕೋರ್ಸ್‌ಗಳು ಇದಕ್ಕೆ ಹೊರತು. ಈ ಹಕ್ಕು ಹೆಚ್ಚು ಜನಕ್ಕೆ ಗೊತ್ತೇ ಇರುವುದಿಲ್ಲ.

‘ಕ್ವಿಬೆಕ್‌ನ ಪ್ರಾಂತ್ಯ ಸರ್ಕಾರದ ಓದಿನ ಅನುಮತಿ ಪತ್ರ ಬೇಕು’ ಎಂಬ ಮಾತೂ ಸುಳ್ಳು. 1848ರಲ್ಲಿ ಕಾಲೇಜಾಗಿ ಆರಂಭವಾದ ಈ ಸಂಸ್ಥೆಯ ಮುಖ್ಯ ಆವರಣ ಒಂಟಾರಿಯೊ ಪ್ರಾಂತ್ಯದಲ್ಲಿ, ನಗರದ ನಡುವಿನ ಸ್ಯಾಂಡಿ ಹಿಲ್‌ನಲ್ಲಿದೆ. ಹೊಳೆಯಾಚೆಯ ಗಾಟಿನೋ ನಗರ ಕ್ವಿಬೆಕ್‌ಗೆ ಸೇರಿದ್ದು, ಗೊಂದಲ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಆ ಪತ್ರ ಬೇಕಾಗುವುದು ಓದುವ ಜಾಗ ಕ್ವಿಬೆಕ್‌ನಲ್ಲಿದ್ದರೆ. ಗಾಟಿನೋದಲ್ಲಿ ಮನೆ ಮಾಡಿಕೊಂಡು ಇಲ್ಲಿಗೆ ಓಡಾಡುವವರಿಗೆ ಅದು ಅನ್ವಯಿಸುವುದಿಲ್ಲ.