ಹತ್ತು ಕಿಲೋ ಬೇಳೆಕಾಳು ಯಾರ ಮನೆಗೆ ಬರುತ್ತದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಾಗ, ಊಟದ ಹಿಂದೆಮುಂದೆ ಕಾಫಿ, ಚಹಾ ಬೇಡವೆಂಬ ಒಂದು ಮಾತೇ ದೊಡ್ಡ ಸುದ್ದಿಯಾಯಿತು. ಅದೇ ಪುಸ್ತಕದಲ್ಲಿರುವ ತಟ್ಟೆಯ ಲೆಕ್ಕವನ್ನು ಓದಿದವರು ಕಡಿಮೆ. ನನಗೆ ಮುಖ್ಯವೆನಿಸಿದ್ದು ಅದು.

ದಿನಕ್ಕೆ 2000 ಕಿಲೋಕ್ಯಾಲರಿ ಬೇಕಾದ ಒಬ್ಬರಿಗೆ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. ಇದನ್ನು ತಿಂಗಳ ದಿನಸಿ ಚೀಟಿಗೆ ಇಳಿಸಿ ನೋಡಿ. ನಾಲ್ವರು ವಯಸ್ಕರಿರುವ ಮನೆಗೆ ಧಾನ್ಯ 30 ಕಿಲೋ, ಬೇಳೆಕಾಳು 10 ಕಿಲೋ, ಸೊಪ್ಪು ತರಕಾರಿ 48 ಕಿಲೋ! ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಎರಡು ಮೂರು ಕಿಲೋ ತೊಗರಿಬೇಳೆ ತಂದರೆ ತಿಂಗಳು ಕಳೆಯುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬೇಳೆಯ ಪಾಲನ್ನು ಒಂದಿಷ್ಟು ತಗ್ಗಿಸಿಕೊಳ್ಳಬಹುದು. ಆದರೆ ಅದನ್ನೂ ದಿನಾ ತಿನ್ನುವವರು ಎಷ್ಟು ಜನ?

ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಚಪಾತಿ. ಬದಲಾವಣೆ ಇದೆಯೆಂದು ನಾಲಗೆಗೆ ಅನಿಸುತ್ತದೆ, ಹೊಟ್ಟೆಗೆ ಹೋಗುವುದು ಮಾತ್ರ ಮೂರು ಹೊತ್ತೂ ಧಾನ್ಯವೇ. ಧಾನ್ಯದಿಂದ ಬರುವ ಶಕ್ತಿ ಶೇಕಡ 45ರೊಳಗಿರಲಿ ಎನ್ನುತ್ತದೆ ಮಾರ್ಗಸೂಚಿ, ನಾವು 50ರಿಂದ 70ರಷ್ಟನ್ನು ಅದರಿಂದಲೇ ಪಡೆಯುತ್ತಿದ್ದೇವೆ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಎಲ್ಲ ಸರಿಹೋಯಿತೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಒಟ್ಟು ಪಿಷ್ಟ ಇಳಿಯದೆ, ಪ್ರೋಟೀನು ಏರದೆ, ಬರೀ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರೆ ಮಧುಮೇಹದ ಅಪಾಯ ತಗ್ಗುವುದಿಲ್ಲವೆಂದು 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ದೊಡ್ಡ ಸಮೀಕ್ಷೆಯೊಂದು ಹೇಳಿದೆ.

ತರಕಾರಿಯ ಕಥೆ ಇನ್ನೂ ಕೆಟ್ಟದು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇಕಡ 98ಕ್ಕೂ ಹೆಚ್ಚು ವಯಸ್ಕರು ಸಾಕಷ್ಟು ಹಣ್ಣು ತರಕಾರಿ ತಿನ್ನುತ್ತಿರಲಿಲ್ಲ. ಇಡೀ ದೇಶವೇ ಸೋತ ಪರೀಕ್ಷೆಯಲ್ಲಿ ಒಬ್ಬೊಬ್ಬರ ನಾಲಗೆ ಚಪಲವನ್ನು ಬೈದು ಏನು ಬಂತು?

ಕಿಲೋಗೆ ನೂರು ರೂಪಾಯಿ ಎಂದು ಹಿಡಿದರೂ ಹತ್ತು ಕಿಲೋ ಬೇಳೆಗೆ ತಿಂಗಳಿಗೆ ಸಾವಿರ. ದಿನಗೂಲಿಯ ಮನೆಗೆ ಇದು ಸಣ್ಣ ಮೊತ್ತವಲ್ಲ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ನೀಗಿಸಿತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಕಲಬುರಗಿಯಂಥ ತೊಗರಿಯ ಕಣಜವಿರುವ ರಾಜ್ಯದಲ್ಲಿ ಪಡಿತರ ಚೀಲ ಇಷ್ಟು ವರ್ಷ ಮುಖ್ಯವಾಗಿ ಅಕ್ಕಿಯದ್ದಾಗಿಯೇ ಉಳಿದದ್ದು ನನಗೆ ಒಪ್ಪಿಗೆಯಿಲ್ಲ.

ಮನೆಯೊಳಗೂ ಒಂದು ಅನ್ಯಾಯವಿದೆ. ಹುಳಿಯ ಹೋಳುಗಳೆಲ್ಲ ಮೊದಲು ಕುಳಿತವರ ತಟ್ಟೆಗೆ ಹೋಗುತ್ತವೆ. ಕೊನೆಗೆ ಉಣ್ಣುವ ಹೆಂಗಸಿಗೆ ಪಾತ್ರೆಯ ತಳದ ರಸ, ಅದಕ್ಕೆ ಕಲಸಿಕೊಳ್ಳಲು ಇನ್ನೊಂದು ಸೌಟು ಅನ್ನ, ನಂಚಿಕೊಳ್ಳಲು ಉಪ್ಪಿನಕಾಯಿ. ದೇಶದ ಸರಾಸರಿ ಲೆಕ್ಕದಲ್ಲಿ ಅವಳ ತಟ್ಟೆ ಬೇರೆಯಾಗಿ ಕಾಣುವುದೇ ಇಲ್ಲ.

ನಮಗೆ ಹೊಸ ಅಡುಗೆಯೇನೂ ಬೇಕಿಲ್ಲ. ಹುರುಳಿ ಬಸ್ಸಾರು, ಮಸ್ಸೊಪ್ಪು, ಕೋಸಂಬರಿ, ಜೋಳದ ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು ಇವೆಲ್ಲ ಇವೆ. ಬದಲಾಗಬೇಕಾದದ್ದು ಪ್ರಮಾಣ. ಹೋಟೆಲಿನ ಊಟದಲ್ಲಿ ಅನ್ನ ಕೇಳಿದಷ್ಟು, ಪಲ್ಯ ಎರಡು ಚಮಚದ ಬಟ್ಟಲಿನಲ್ಲಿ. ಕಚೇರಿಯ ಕ್ಯಾಂಟೀನ್, ಹಾಸ್ಟೆಲ್, ಮದುವೆಮನೆ ನಡೆಸುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಪಲ್ಯ, ಕಾಳುಗಳಿಗೂ ದೊಡ್ಡ ಬಟ್ಟಲು ಇಡಿ, ಎರಡನೇ ಸಲ ಬಡಿಸಲು ಬರುವಾಗ ಅನ್ನಕ್ಕಿಂತ ಮೊದಲು ಅವನ್ನು ತನ್ನಿ.