ಕೋವಿಗೆ ಕಾಗದ ಇಟ್ಟುಕೊಳ್ಳುವ ನಾವು ಕ್ಯಾಮೆರಾಕ್ಕೆ ಏಕೆ ಇಟ್ಟುಕೊಳ್ಳುವುದಿಲ್ಲ?

ಕ್ಯಾಮೆರಾ ಹೊತ್ತು ವಿದೇಶಕ್ಕೆ ಹೊರಟವರಿಗೆ ಗೋಣಿಕೊಪ್ಪ, ಮಡಿಕೇರಿಯ ಛಾಯಾಗ್ರಾಹಕ ಗೆಳೆಯರು ಕೊಡುವ ಮೊದಲ ಸಲಹೆ: ‘ಯಾರೂ ಕೇಳುವುದಿಲ್ಲ, ಸುಮ್ಮನೆ ಹೋಗಿ ಬನ್ನಿ.’ ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಮರಳಿ ಬರುವಾಗ ‘ಇದು ಇಲ್ಲಿಂದಲೇ ಒಯ್ದದ್ದು ಎನ್ನಲು ಕಾಗದ ಎಲ್ಲಿ’ ಎಂದು ಕೇಳಿದ ದಿನ ಸಲಹೆ ಕೊಟ್ಟವರು ಕಸ್ಟಮ್ಸ್ ಮೇಜಿನ ಮುಂದೆ ನಿಮ್ಮ ಪಕ್ಕದಲ್ಲಿರುವುದಿಲ್ಲ, ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ನಾಗರಹೊಳೆಯಲ್ಲಿ ಹುಲಿಯ ಹಿಂದೆ ಬಿದ್ದವರು ಒಂದಲ್ಲ ಒಂದು ದಿನ ಕೀನ್ಯಾದ ಮಸಾಯಿ ಮಾರಾ ಕಾಡಿನ ಕನಸು ಕಾಣುತ್ತಾರೆ. ಅವರ ಚೀಲದಲ್ಲಿರುವ 600 ಎಂಎಂ ಎಫ್/4 ಲೆನ್ಸ್ ಹೊಸದಾದರೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಹೊರಗಿನಿಂದ ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು, 2026ರ ಫೆಬ್ರುವರಿಯಲ್ಲಿ 75,000 ಆಯಿತು. ಇಲ್ಲಿಂದಲೇ ಒಯ್ದ ಲೆನ್ಸ್‌ಗೆ ಸುಂಕ ಕಟ್ಟಬೇಕಿಲ್ಲ, ಸರಿ. ಅದು ಇಲ್ಲಿಂದ ಒಯ್ದದ್ದೇ ಎಂದು ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕಾಗಿಯೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಇದೆ. ಹೊರಡುವಾಗ ಕಸ್ಟಮ್ಸ್ ಅಧಿಕಾರಿಗೆ ಸಾಮಾನು ತೋರಿಸಿ, ಮಾದರಿ ಮತ್ತು ಸೀರಿಯಲ್ ಸಂಖ್ಯೆಯನ್ನು ಬರೆಸಿಕೊಂಡು, ಸಹಿ ಮಾಡಿಸಿಕೊಳ್ಳಬೇಕು. ಪಟ್ಟಿಯನ್ನು ಮನೆಯಲ್ಲೇ ಟೈಪ್ ಮಾಡಿಕೊಂಡು, ಬಿಲ್‌ಗಳ ಪ್ರತಿಯನ್ನೂ ಜೊತೆಗಿಟ್ಟುಕೊಂಡರೆ ಕೆಲಸ ಹಗುರ. ಕಷ್ಟವಿರುವುದು ಅಧಿಕಾರಿಯನ್ನು ಹುಡುಕುವುದರಲ್ಲಿ. ನಡುರಾತ್ರಿಯ ವಿಮಾನಕ್ಕೆ ಹೋದಾಗ ಆ ಮೇಜು ಯಾವ ಮೂಲೆಯಲ್ಲಿದೆ ಎಂಬುದು ವಿಮಾನ ಸಂಸ್ಥೆಯ ಸಿಬ್ಬಂದಿಗೇ ಗೊತ್ತಿರುವುದಿಲ್ಲ. ‘ಇದೆಲ್ಲ ಬೇಡ ಸಾರ್’ ಎಂದು ಸಾಗಹಾಕುವವರೂ ಇದ್ದಾರೆ. ಬೇಕೇ ಬೇಕು ಎಂದು ಮರ್ಯಾದೆಯಿಂದ ಹಟ ಹಿಡಿಯಿರಿ. ನಾವು ಕೇಳುತ್ತಿರುವುದು ಉಪಕಾರವನ್ನಲ್ಲ.

ಇನ್ನೊಂದು ತೊಡಕು ಕೊಡಗಿನಂಥ ವಿಮಾನ ನಿಲ್ದಾಣವಿಲ್ಲದ ಜಿಲ್ಲೆಯವರಿಗೆ ಹೆಚ್ಚು. ಮಂಗಳೂರಿನಿಂದ ಮುಂಬೈಗೆ ಹೋಗಿ ಅಲ್ಲಿಂದ ನೈರೋಬಿಗೆ ಹಾರುವವರ ದೊಡ್ಡ ಚೀಲ ಮಂಗಳೂರಿನಲ್ಲೇ ವಿಮಾನ ಸಂಸ್ಥೆಯ ಕೈಸೇರುತ್ತದೆ. ದೇಶ ಬಿಡುವುದು ಮುಂಬೈಯಲ್ಲಿ. ಅಲ್ಲಿ ತೋರಿಸಲು ಲೆನ್ಸ್ ಕೈಯಲ್ಲಿರುವುದಿಲ್ಲ. ಆದ್ದರಿಂದ ಬೆಲೆಬಾಳುವುದೆಲ್ಲ ಕೈಚೀಲದಲ್ಲೇ ಇರಲಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಹೇಗೂ ವಿಮಾನ ಸಂಸ್ಥೆಗೆ ಒಪ್ಪಿಸುವ ಚೀಲದಲ್ಲಿ ಹಾಕುವಂತಿಲ್ಲ.

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಆ ವಿನಾಯಿತಿ ಸದ್ಯ 2029ರವರೆಗೆ ಇದೆ. ಹಾಗಿದ್ದೂ ವಿನಾಯಿತಿ ಪತ್ರವನ್ನು ಮನೆಯಲ್ಲಿ ಎಷ್ಟು ಜೋಪಾನ ಮಾಡುತ್ತೇವೆ! ಹತ್ತು ಲಕ್ಷದ ಲೆನ್ಸ್ ವಿಷಯದಲ್ಲಿ ಮಾತ್ರ ‘ಯಾರು ಕೇಳುತ್ತಾರೆ’ ಎನ್ನುತ್ತೇವೆ.

ಗೆಳೆಯರಿಂದ ಗೆಳೆಯರಿಗೆ ಕೈ ಬದಲಾದ ಹಳೆಯ ಲೆನ್ಸ್‌ಗಳಿಗೆ ಬಿಲ್ಲೇ ಇರುವುದಿಲ್ಲ. ಅಂಥವರಿಗಂತೂ ಈ ಸರ್ಟಿಫಿಕೇಟ್ ಹೆಚ್ಚು ಮುಖ್ಯ. ದುಬೈಯಿಂದ ಸುಂಕ ತಪ್ಪಿಸಿ ತಂದದ್ದಕ್ಕೆ ಏನು ಮಾಡಲಿ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ, ಅನುಕಂಪವೂ ಅಷ್ಟಕ್ಕಷ್ಟೇ.

ಸಾಮಾನನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ದು ತರುವ ಪತ್ರವಾದ ಎಟಿಎ ಕಾರ್ನೆಟ್ ಮಾಡಿಸಬೇಕೇ ಎಂದೂ ಕೆಲವರು ಕೇಳುತ್ತಾರೆ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮಗಳ ಒಕ್ಕೂಟವಾದ ಫಿಕ್ಕಿ. ಭದ್ರತಾ ಠೇವಣಿ ಇಟ್ಟು ಮಾಡಿಸುವ ಅದು ಪೆಟ್ಟಿಗೆಗಟ್ಟಲೆ ಉಪಕರಣ ಸಾಗಿಸುವ ಚಿತ್ರತಂಡಗಳಿಗೆ ಸರಿ. ಒಂದು ಕ್ಯಾಮೆರಾ, ಎರಡು ಲೆನ್ಸ್‌ನ ಪ್ರವಾಸಿಗೆ ಅದು ಅತಿಯಾಯಿತು. ಡ್ರೋನ್ ಕತೆಯೇ ಬೇರೆ: ಮೊರಾಕೊದಂಥ ದೇಶದಲ್ಲಿ ಇಳಿದ ತಕ್ಷಣ ವಶಪಡಿಸಿಕೊಳ್ಳುತ್ತಾರೆ. ಆ ದೇಶದ ನಿಯಮ ಓದದೆ ಅದನ್ನು ಚೀಲಕ್ಕೆ ಹಾಕಬೇಡಿ.